ತೊಳೆಯಬಾರದ ಬಾಟ್ಲಿ

ಮನೆಗೆ ಬಂದವರು ಯಾರಾದರೂ "ನಿಮ್ಮ ಸೊಸೆ ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದರೆ ಅತ್ತೆ ಮೊದಲು ಗಂಟಲು ಸರಿಮಾಡಿಕೊಂಡು "ಪರಿಸರ ಎಂಜಿನಿಯರು" ಎಂದು ಗತ್ತಿನಿಂದ ಹೇಳುತ್ತಿದ್ದರು. ಬಂದವರು "ಓಹೋ, ಗಿಡ ನೆಡೋದಾ?" ಎಂದುಬಿಟ್ಟರೆ ಆ ಗತ್ತೆಲ್ಲ ಇಳಿದುಹೋಗುತ್ತಿತ್ತು. "ಗಿಡ ಅಲ್ಲ, ಚರಂಡಿ" ಎಂದು ಮಾತು ಮುಗಿಸಿ ಟೀ ಮಾಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದರು.

ಪಾಪ, ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾವು ನೀವೆಲ್ಲ ಊರನ್ನು ಮೇಲಿನಿಂದ ನೋಡಿದರೆ ಇವಳು ಇಪ್ಪತ್ತೆರಡು ವರ್ಷದಿಂದ ಕೆಳಗಿನಿಂದ ನೋಡುತ್ತಿದ್ದಳು. ಯಾವ ರಸ್ತೆಯಡಿಯ ಪೈಪು ಎಷ್ಟು ಮುದಿಯಾಗಿದೆ, ಯಾವ ಕಾರ್ಖಾನೆಯವರು ಯಾವ ವಾರ ಕದ್ದು ಬಣ್ಣದ ನೀರು ಬಿಡುತ್ತಾರೆ, ಮಳೆ ಬಂದರೆ ಯಾವ ಮ್ಯಾನ್‌ಹೋಲು ಮೊದಲು ಮುಚ್ಚಳ ಎತ್ತುತ್ತದೆ, ಎಲ್ಲ ಬಾಯಿಪಾಠ. ಗಂಡನ ಜೊತೆ ಪಾರ್ಕಿಗೆ ಹೋದರೂ ಅವಳ ಕಣ್ಣು ಹೂವಿನ ಮೇಲಲ್ಲ, ನೆಲದ ಮುಚ್ಚಳಗಳ ಮೇಲೆ. ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ 'ಬಾಟ್ಲಿ ಮೇಡಂ' ಎಂದೇ ಹೆಸರು. ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ನಾಲ್ಕು ಖಾಲಿ ಬಾಟ್ಲಿ ಇರುತ್ತಿದ್ದವು. ಮೇಡಂ ಎಂದ ಮೇಲೆ ಮರ್ಯಾದೆಯಿಂದ ಮಾತಾಡಬೇಕಾಗುತ್ತದೆ, ಹಾಗಾಗಿ ನಾವು ಮನೆಯವರ ಹಾಗೆ 'ಅವಳು' ಎಂದೇ ಹೇಳೋಣ.

ಮನೆಯ ಫ್ರಿಜ್ಜಿನ ಕೆಳಗಿನ ಅರೆ ಅವಳ ನೀರಿನ ಸ್ಯಾಂಪಲ್ಲುಗಳಿಗೆ ಮೀಸಲು. ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಮ್ಮೆ ಬಿಸಿಲಲ್ಲಿ ಬಂದವರೇ ಫ್ರಿಜ್ಜಿನಿಂದ ಒಂದು ಬಾಟ್ಲಿ ತೆಗೆದು ಗಟಗಟ ಕುಡಿದು, "ಸ್ವಲ್ಪ ಮಣ್ಣಿನ ವಾಸನೆ ಇದೆ, ಆದ್ರೆ ತಣ್ಣಗಿದೆ" ಎಂದಿದ್ದರು. ಚೀಟಿ ಓದಿದರೆ 'ಕೆರೆ, ಪೂರ್ವದ ದಂಡೆ' ಎಂದಿತ್ತು. ಮೂರು ದಿನ ಬಚ್ಚಲಮನೆ ಬಿಟ್ಟು ಹೊರಗೆ ಬರಲಿಲ್ಲ. ಅವತ್ತಿನಿಂದ ಮೇಷ್ಟ್ರು ಕನ್ನಡಕ ಹಾಕಿಕೊಳ್ಳದೆ ಫ್ರಿಜ್ಜಿಗೆ ಕೈಹಾಕುವುದಿಲ್ಲ.

ಈ ಬಾಟ್ಲಿಗಳಲ್ಲಿ ಎರಡು ಜಾತಿ. ಕತೆ ನಿಂತಿರುವುದೇ ಇದರ ಮೇಲೆ, ಆದ್ದರಿಂದ ಸ್ವಲ್ಪ ತಾಳ್ಮೆ ಇರಲಿ. ಹೊಳೆಯ ನೀರಿನಲ್ಲಿ ಉಪ್ಪೆಷ್ಟು, ಸೀಸವೆಷ್ಟು ಎಂದು ನೋಡುವುದಕ್ಕೆ ಒಂದು ಬಾಟ್ಲಿ. ಅದನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಚೆಲ್ಲಿ, ನಾಲ್ಕನೇ ಸಲ ತುಂಬಬೇಕು. ಕುಡಿಯುವ ನೀರಿನಲ್ಲಿ ರೋಗಾಣು ಇದೆಯೇ ಎಂದು ನೋಡುವುದಕ್ಕೆ ಇನ್ನೊಂದು. ಇದನ್ನು ಮಾತ್ರ ತೊಳೆಯಲೇಬಾರದು. ಅದರ ತಳದಲ್ಲಿ ಚಿಟಿಕೆ ಬಿಳಿ ಪುಡಿ ಇರುತ್ತದೆ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಬಾಟ್ಲಿಯೊಳಗೂ ರೋಗಾಣುಗಳನ್ನು ಕೊಲ್ಲುತ್ತಾ ಹೋಗುತ್ತದಲ್ಲ, ಅದನ್ನು ಆ ಪುಡಿ ಅಲ್ಲಿಗೇ ತಡೆಯುತ್ತದೆ. ಪುಡಿ ತೊಳೆದುಹೋಯಿತೋ, ನಲ್ಲಿಯಿಂದ ಲ್ಯಾಬಿಗೆ ಹೋಗುವ ಎರಡು ಗಂಟೆಯಲ್ಲಿ ಕ್ಲೋರಿನ್ ತನ್ನ ಕೆಲಸ ಮುಗಿಸಿರುತ್ತದೆ. ಕೊಳಕು ನೀರೂ ಲ್ಯಾಬಿನಲ್ಲಿ ಸಾಧುವಾಗಿ ಕೂತಿರುತ್ತದೆ. ನಲ್ಲಿಯ ಕೆಳಗೆ ಲೋಟ ಹಿಡಿದು ಕುಡಿಯುವವರಿಗೆ ಆ ಎರಡು ಗಂಟೆ ಸಿಗುವುದಿಲ್ಲ.

ಲ್ಯಾಬಿನ ಗೋಡೆಯ ಮೇಲೆ 'ಈ ಬಾಟ್ಲಿ ತೊಳೆಯಬೇಡಿ' ಎಂದು ಕೆಂಪಕ್ಷರದ ಬೋರ್ಡಿತ್ತು. ಹೊಸಬರಿಗೆಂದು ಅದನ್ನು ಬರೆಸಿದವಳು ಇವಳೇ.

ಗುಡ್ಡದ ಬಡಾವಣೆಯಲ್ಲಿ ಕೇಬಲ್ ಹಾಕುವವರ ಯಂತ್ರ ಒಂದೇ ಏಟಿಗೆ ಕುಡಿಯುವ ನೀರಿನ ಪೈಪನ್ನೂ ಪಕ್ಕದ ಒಳಚರಂಡಿಯನ್ನೂ ಸೀಳಿಹಾಕಿತ್ತು. ಆರುನೂರು ಮನೆ. ಹನ್ನೊಂದು ದಿನ ಟ್ಯಾಂಕರ್ ನೀರು, ಸಾಲು, ಕೊಡಗಳ ಜಗಳ. ಪೈಪು ಜೋಡಿಸಿ, ದಿನಗಟ್ಟಲೆ ನೀರು ಬಿಟ್ಟು ತೊಳೆದು, ಕ್ಲೋರಿನ್ ಹಾಕಿದ ಮೇಲೆ ಉಳಿದದ್ದು ಪರೀಕ್ಷೆ. ಸ್ಯಾಂಪಲ್ ತೆಗೆಯುವಾತ ಜ್ವರ ಬಂದು ಮಲಗಿದ್ದ. "ಅದಕ್ಕೇನಂತೆ, ನಾನೇ ಹೋಗ್ತೀನಿ" ಎಂದು ಶುಕ್ರವಾರ ಅವಳೇ ಹೋಗಿ ನಾಲ್ಕು ನಲ್ಲಿಯಲ್ಲಿ ನಾಲ್ಕು ಬಾಟ್ಲಿ ಹಿಡಿದು ತಂದಳು. ಶನಿವಾರ ನೋಡಿದರೆ ನಾಲ್ಕರಲ್ಲೂ ರೋಗಾಣು ಸೊನ್ನೆ. ಸರ್ಟಿಫಿಕೇಟಿಗೆ ಸಹಿ ಹಾಕಿದಳು. ಭಾನುವಾರ ಬೆಳಗ್ಗೆ ನೀರು ಬಂತು.

ಆ ಬಡಾವಣೆಯ ಕೊನೆಯ ಬೀದಿಯಲ್ಲೇ ಅವಳ ಅಕ್ಕನ ಮನೆ. ಅಕ್ಕನ ಮಗಳು ಹೆತ್ತು ಇಪ್ಪತ್ತಮೂರು ದಿನ. ಎದೆಹಾಲು ಸಾಲದೆ ಮಗುವಿಗೆ ಪುಡಿ ಹಾಲೂ ಬೇಕಾಗುತ್ತಿತ್ತು. ಒಂಬತ್ತು ಗಂಟೆಗೇ ಅಕ್ಕನ ಫೋನು.

"ನೀರು ಬಂತು ಕಣೇ. ಬೀದಿಗೆಲ್ಲ ಹೇಳಿದೀನಿ, ನನ್ನ ತಂಗೀನೇ ಬಿಡಿಸಿದ್ದು ಅಂತ. ಮಗೂಗೆ ಹೊಟ್ಟೆ ತುಂಬ ಹಾಲು ಕಲಸಿ ಕೊಟ್ಟೆ."

"ಕುದಿಸಿ ತಾನೇ?"

"ಹನ್ನೊಂದು ದಿನ ಕುದಿಸಿ ಕುದಿಸಿ ಸಾಕಾಗಿಹೋಗಿದೆ. ಬರೀ ಬೆಚ್ಚಗೆ ಮಾಡಿದೆ. ನೀನು ಸೈನ್ ಹಾಕಿದ ಮೇಲೆ ಇನ್ನೇನು ಕುದಿಸೋದು?"

ಮಗುವಿಗೆ ಯಾವಾಗಲೂ ಕುದಿಸಲೇಬೇಕು ಎಂದು ಸಣ್ಣಗೆ ಗದರಿಸಿ ಅವಳು ಫೋನಿಟ್ಟಳು. ಆದರೂ ಒಳಗೊಳಗೇ ಹಿಗ್ಗಿದಳು ಎಂದು ಬೇರೆ ಹೇಳಬೇಕಾಗಿಲ್ಲ. ಎಂಟು ವರ್ಷ ದೊಡ್ಡವಳಾದ ಅಕ್ಕ ಅವಳನ್ನು ಹೊಗಳುವುದೆಂದರೆ ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ.

ಹನ್ನೊಂದರ ಹೊತ್ತಿಗೆ ಅಡುಗೆಮನೆಯ ಸಿಂಕಿನಲ್ಲಿ ಎಣ್ಣೆ ಬಾಟ್ಲಿ ತೊಳೆಯುತ್ತಿದ್ದಳು. ನೀರು ತುಂಬುವುದು, ಗಲಬರಿಸುವುದು, ಚೆಲ್ಲುವುದು. ಟೇಬಲ್ಲಿನ ಹತ್ತಿರ ತರಕಾರಿ ಹೆಚ್ಚುತ್ತಾ ಕೂತಿದ್ದ ಅತ್ತೆ ತಲೆಯೆತ್ತಿದರು.

"ನಿಂದೊಂದು ಸರಿ ಇದೆಯಮ್ಮ. ಏನೇ ಕೈಗೆ ಕೊಟ್ರೂ ಮೂರು ಸಲ. ಲೆಕ್ಕ ತಪ್ಪಿದ್ದು ಒಂದು ದಿನಾನೂ ನೋಡಿಲ್ಲ. ಮೊನ್ನೆ ನನ್ನ ಔಷಧಿ ಬಾಟ್ಲೀನೂ ನೀನು ಹಾಗೇ ತೊಳೆದಿಟ್ಟಿದ್ದೆ, ಔಷಧಿ ಹಾಕೋ ಮುಂಚೆ."

ಅವಳ ಕೈ ಅಲ್ಲೇ ನಿಂತಿತು. ಶುಕ್ರವಾರದ ಮೊದಲ ನಲ್ಲಿ ಕಣ್ಣಿಗೆ ಕಟ್ಟಿತು. ಮುಚ್ಚಳ ತೆಗೆದದ್ದು, ಪಕ್ಕದಲ್ಲಿ ನಿಂತಿದ್ದ ಬೇಕರಿಯವನು ಏನೋ ಕೇಳಿದ್ದು, ಅವನಿಗೆ ಉತ್ತರ ಕೊಡುತ್ತಲೇ ಬಾಟ್ಲಿ ಅಲ್ಲಾಡಿಸಿ ನೀರು ಚೆಲ್ಲಿದ್ದು. ತನ್ನ ಶೂ ಒದ್ದೆಯಾದದ್ದೂ ನೆನಪಾಯಿತು. ಎರಡನೇ ನಲ್ಲಿಯಲ್ಲೂ ಶೂ ಒದ್ದೆಯಾಗಿತ್ತು. ಮೂರನೆಯದರಲ್ಲೂ. ಇಪ್ಪತ್ತೆರಡು ವರ್ಷ ಹೊಳೆಯ ದಂಡೆಯಲ್ಲಿ ಕಲಿತ ಕೈ ತನ್ನ ಪಾಡಿಗೆ ತಾನು ನಾಲ್ಕು ಬಾಟ್ಲಿಯ ಪುಡಿಯನ್ನೂ ತೊಳೆದು ಬೀದಿಗೆ ಚೆಲ್ಲಿತ್ತು.

ಎಣ್ಣೆ ಬಾಟ್ಲಿಯನ್ನು ಸಿಂಕಿನಲ್ಲೇ ಬಿಟ್ಟು ಫೋನು ಎತ್ತಿಕೊಂಡಳು. ಅವಳು ಮೊದಲು ಮಾಡಿದ ಫೋನು ಆಫೀಸಿಗಲ್ಲ, ಅಕ್ಕನಿಗೆ. ನಾವಾದರೂ ಅದನ್ನೇ ಮಾಡುತ್ತಿದ್ದೆವು.

"ಅಕ್ಕಾ, ಆ ನೀರು ಕೊಡಬೇಡ. ಚೆನ್ನಾಗಿ ಕುದಿಸು. ನನ್ನ ಟೆಸ್ಟಲ್ಲಿ ತಪ್ಪಾಗಿದೆ."

ಆ ಕಡೆ ಹಾಲಿನ ಬಾಟ್ಲಿ ಕೆಳಗಿಟ್ಟ ಸದ್ದು ಕೇಳಿಸಿತು.

"ಎರಡು ಸಲ ಕುಡಿದಾಯ್ತಲ್ಲೇ ಮಗು," ಎಂದಳು ಅಕ್ಕ. ಆಮೇಲೆ, "ಪಕ್ಕದ ಮನೆಯವರಿಗೂ ಹೇಳಬೇಕಾ? ನಾನೇ ಹೋಗಿ ಕುಡೀರಿ ಕುಡೀರಿ ಅಂತ ಹೇಳಿ ಬಂದೆ."

ಉತ್ತರಕ್ಕೂ ಕಾಯದೆ ಅಕ್ಕ ಫೋನಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆಮೇಲೆ ಆಫೀಸಿನ ಸಾಹೇಬರಿಗೆ ಫೋನ್ ಮಾಡಿದಾಗ ಅವರು ಭಾನುವಾರದ ಗುಂಗಿನಲ್ಲಿದ್ದರು. ಕೆಟ್ಟ ಮನುಷ್ಯರೇನಲ್ಲ, ರಗಳೆ ಎಂದರೆ ಆಗದ ಮನುಷ್ಯ, ಅಷ್ಟೆ.

"ರಿಸಲ್ಟ್ ಸೊನ್ನೆ ಬಂದಿದೆ ತಾನೇ?"

"ಸೊನ್ನೆ ಬಂದಿದ್ದು ನನ್ನ ತಪ್ಪಿಂದಾನೂ ಇರಬಹುದು ಸಾರ್."

"ಇರಬಹುದು ಅನ್ನೋದಕ್ಕೆ ಊರಿಗೆಲ್ಲ ಡಂಗುರ ಹೊಡೀತೀರಾ? ನಾಳೆ ಸುಮ್ಮನೆ ಹೋಗಿ ಇನ್ನೊಂದು ಸಲ ಸ್ಯಾಂಪಲ್ ತನ್ನಿ. ಚೆನ್ನಾಗಿದ್ರೆ ಯಾರಿಗೂ ಗೊತ್ತಾಗಲ್ಲ."

"ಚೆನ್ನಾಗಿಲ್ಲದಿದ್ರೆ?"

ಆ ಕಡೆ ಟೀವಿಯ ಸದ್ದು ನಿಂತಿತು.

"ಸಾರ್, ನಮ್ಮಕ್ಕನಿಗೆ ಆಗಲೇ ಫೋನ್ ಮಾಡಿ ಕುದಿಸು ಅಂದಿದೀನಿ. ಇನ್ನು ಮಿಕ್ಕವರಿಗೆ ಹೇಳದೆ ಇದ್ರೆ ನಾನು ಆ ಬೀದಿಯಲ್ಲಿ ಓಡಾಡೋದು ಹೇಗೆ?"

"ನೀರು ನಿಲ್ಲಿಸಬೇಕಾ ಹಾಗಾದ್ರೆ?" ಸಾಹೇಬರ ದನಿ ಸೋತಿತ್ತು.

"ಬೇಡ. ನಿಲ್ಲಿಸಿದ್ರೆ ಪೈಪು ಖಾಲಿಯಾಗಿ ಹೊರಗಿನ ಕೊಚ್ಚೆ ಒಳಗೆ ಎಳ್ಕೊಳ್ಳುತ್ತೆ. ಹರೀಲಿ. ಕುದಿಸಿ ಕುಡೀರಿ ಅಂತ ಹೇಳ್ತೀನಿ. ಯಾಕೆ ಅಂತಾನೂ ಹೇಳ್ತೀನಿ."

ಮೈಕು ಕಟ್ಟಿದ ವ್ಯಾನು ತಂದವನು ನೀರಣ್ಣ. ಮೂವತ್ತೊಂದು ವರ್ಷದಿಂದ ವಾಲ್ವ್ ತಿರುಗಿಸುವ ಕೆಲಸ ಮಾಡುತ್ತಿದ್ದ ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ದಾರಿಯುದ್ದಕ್ಕೂ ಗೊಣಗಿದ. "ಬೆಳಗ್ಗೆ ನನಗೆ ಕೈ ಮುಗಿದವರು ಈಗ ಕೈ ಎತ್ತುತ್ತಾರೆ ನೋಡಿ ಮೇಡಂ." ಆದರೂ ವ್ಯಾನು ನಿಲ್ಲಿಸಲಿಲ್ಲ.

ಬಡಾವಣೆಯ ಸರ್ಕಲ್ಲಿನಲ್ಲಿ ಅವಳು ಮೈಕು ಹಿಡಿದಳು. ಮೀಟಿಂಗುಗಳಲ್ಲಿ ಗಂಟೆಗಟ್ಟಲೆ ಮಾತಾಡಿದವಳು ಅವತ್ತು ಒಂದೇ ನಿಮಿಷದಲ್ಲಿ ಮುಗಿಸಿದಳು.

"ನೀರನ್ನ ಟೆಸ್ಟ್ ಮಾಡಿದೋಳು ನಾನೇ. ಸ್ಯಾಂಪಲ್ ತಗೊಳ್ಳೋವಾಗ ತಪ್ಪು ಮಾಡಿದೀನಿ. ತೊಳೆಯಬಾರದ ಬಾಟ್ಲಿ ತೊಳೆದೆ. ನೀರು ಚೆನ್ನಾಗಿದೆಯೋ ಇಲ್ಲವೋ ಈಗ ನನಗೆ ಗೊತ್ತಿಲ್ಲ. ನಾಳೆ ಸಾಯಂಕಾಲದವರೆಗೂ ಕುದಿಸಿ ಕುಡೀರಿ. ನಾಳೆ ನಾನೇ ಬಂದು ಹೇಳ್ತೀನಿ."

ಮೊದಲು ಬಾಯಿ ತೆರೆದವನು ಬೇಕರಿಯವನು. ಆಗಲೇ ಒಂದು ಒಲೆ ಬ್ರೆಡ್ಡು ಆ ನೀರಿನಲ್ಲೇ ಕಲಸಿ ಸುಟ್ಟಿದ್ದ. "ಇಷ್ಟು ಓದಿದೀರಿ, ಒಂದು ಬಾಟ್ಲಿ ಹಿಡಿಯಕ್ಕೆ ಬರಲ್ವಾ ನಿಮಗೆ?" ಎಂದ. ಯಾರೋ ನಕ್ಕರು, ಯಾರೋ ಬೈದರು, ಒಬ್ಬಾಕೆ ಆಗ ತಾನೇ ತುಂಬಿದ್ದ ಬಕೆಟ್ಟನ್ನು ಅವಳ ಕಾಲ ಬಳಿಯೇ ಮೋರಿಗೆ ಸುರಿದಳು. ಒಲೆಯ ಕಾವಿಗೆ ಬೆಂದ ಬ್ರೆಡ್ಡಿಗೆ ಭಯವಿಲ್ಲ ಎಂದು ಅವಳು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಕೋಲೂರಿಕೊಂಡು ಬಂದ ಒಬ್ಬ ಮುದುಕಿ, "ಎಷ್ಟು ಹೊತ್ತು ಕುದಿಸಬೇಕಮ್ಮ, ಅದನ್ನ ಹೇಳು ಮೊದಲು" ಎಂದಳು. ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು. "ಕೊತಕೊತ ಅಂತ ಕುದಿ ಬಂದ ಮೇಲೆ ಐದು ನಿಮಿಷ ಬಿಡಿ ಅಜ್ಜಿ" ಎಂದಳು.

ಕೊನೆಯ ಬೀದಿಗೆ ವ್ಯಾನು ಬಂದಾಗ ಅಕ್ಕ ಕಿಟಕಿಯಲ್ಲಿ ನಿಂತಿದ್ದಳು. ಮೈಕಿನಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಯುವವರೆಗೂ ನಿಂತು ಕೇಳಿ, ಕಿಟಕಿ ಮುಚ್ಚಿಕೊಂಡಳು.

ಎರಡು ಗಂಟೆಗೆ ಮತ್ತೆ ಸ್ಯಾಂಪಲ್. ಈ ಸಲ ಬೀದಿಯ ಜನವೆಲ್ಲ ಸುತ್ತ ನಿಂತಿದ್ದರು, ಪರೀಕ್ಷೆ ನೀರಿಗಲ್ಲ ಅವಳಿಗೇ ಎಂಬ ಹಾಗೆ. ನಲ್ಲಿಯ ಬಾಯಿಯನ್ನು ಬಟ್ಟೆಯಿಂದ ಒರೆಸಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ ನಲ್ಲಿಯ ಮೂತಿಯನ್ನು ಕಾಯಿಸಿದಳು. ಎರಡು ನಿಮಿಷ ನೀರು ಹರಿಯಲು ಬಿಟ್ಟಳು. ಮುಚ್ಚಳ ತೆಗೆದಳು, ಒಳಬದಿಗೆ ಬೆರಳು ತಾಗಿಸಲಿಲ್ಲ. ನೀರು ಬಾಟ್ಲಿಯ ಕುತ್ತಿಗೆಯವರೆಗೆ ಬರುತ್ತಿದ್ದಂತೆ ಮಣಿಕಟ್ಟು ತಾನಾಗಿ ಅಲ್ಲಾಡಿಸಲು ಹೊರಟಿತು.

"ಕೈ ಹಿಡ್ಕೊಳ್ಳಾ ಮೇಡಂ?" ಎಂದ ನೀರಣ್ಣ, ಮೆಲ್ಲಗೆ.

"ಬೇಡ. ಬರೀ ಪಕ್ಕದಲ್ಲಿ ನಿಂತು ನೋಡ್ತಿರು. ಅಲ್ಲಾಡಿಸಿದ್ರೆ ಬೈಯಿ."

ಬೈಯುವ ಪ್ರಸಂಗ ಬರಲಿಲ್ಲ. ಸರ್ಕಲ್ಲಿನದು, ಬೇಕರಿಯದು, ಶಾಲೆಯದು, ಅಕ್ಕನ ಬೀದಿಯದು, ನಾಲ್ಕು ಬಾಟ್ಲಿ ಐಸಿನ ಪೆಟ್ಟಿಗೆ ಸೇರಿದವು. ಅಕ್ಕನ ಬೀದಿಯಲ್ಲಿ ಹಿಡಿದದ್ದು ಅಕ್ಕನ ಮನೆಯ ಎದುರಿನ ನಲ್ಲಿಯದು. ಆ ಕಿಟಕಿ ಆಗಲೂ ಮುಚ್ಚಿತ್ತು.

ಲ್ಯಾಬಿನ ಕೆಲಸ ಒಂದು ಬೆಚ್ಚಗಿನ ಪೆಟ್ಟಿಗೆಯ ಕೆಲಸ. ನೇರಳೆ ಬಣ್ಣದ ದ್ರವಕ್ಕೆ ನೀರು ಸೇರಿಸಿ ಇಪ್ಪತ್ನಾಲ್ಕು ಗಂಟೆ ಆ ಪೆಟ್ಟಿಗೆಯಲ್ಲಿ ಇಡಬೇಕು. ಕೊಳಕಿದ್ದರೆ ನೇರಳೆ ಹಳದಿಗೆ ತಿರುಗುತ್ತದೆ. ಬೇಗ ಮಾಡು ಎಂದು ಅದನ್ನು ಯಾವ ಸಾಹೇಬರೂ ಗದರಿಸಲಾಗದು. ಸೋಮವಾರ ಅವಳು ಕಾರ್ಖಾನೆಯೊಂದರ ವರದಿ ಓದುತ್ತಾ ಕೂತಳು, ಒಂದೇ ಪುಟವನ್ನು ಆರು ಸಲ. ಅಕ್ಕನಿಗೆ ಮೂರು ಸಲ ಫೋನ್ ಮಾಡಿದಳು. ಮೂರನೇ ಸಲ ಅಕ್ಕನ ಮಗಳು ಎತ್ತಿ, "ಮಗು ಮಲಗಿದೆ ಚಿಕ್ಕಮ್ಮ, ಹೊಟ್ಟೆ ಸರಿ ಇದೆ. ಅಮ್ಮ ಬಚ್ಚಲಲ್ಲಿದಾರೆ" ಎಂದಳು. ಅಕ್ಕ ಬಚ್ಚಲಲ್ಲಿಲ್ಲ, ಮಗಳ ಪಕ್ಕದಲ್ಲೇ ನಿಂತಿದ್ದಾಳೆ ಎಂದು ಅವಳಿಗೆ ಗೊತ್ತಾಯಿತು. ಆದರೂ ಮಗುವಿನ ಹೊಟ್ಟೆ ಸರಿ ಇದೆ ಎಂಬ ಮಾತಿಗೆ ಅರ್ಧ ಜೀವ ಬಂತು. ಇನ್ನರ್ಧ ಪೆಟ್ಟಿಗೆಯೊಳಗಿತ್ತು.

ಸಂಜೆ ಐದಕ್ಕೆ ಲ್ಯಾಬಿನ ಸೋಡಾಬುಡ್ಡಿ ಮೇಡಂ ಪೆಟ್ಟಿಗೆಯ ಬಾಗಿಲು ತೆಗೆದಳು. ದಪ್ಪ ಗಾಜಿನ ಕನ್ನಡಕದ ಆಕೆ ಹದಿನೈದು ವರ್ಷದ ಗೆಳತಿ. ಸೀಸೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಸರ್ಕಲ್ಲು, ನೇರಳೆ. ಬೇಕರಿ, ನೇರಳೆ. ಶಾಲೆ, ನೇರಳೆ. ನಾಲ್ಕನೆಯದನ್ನು ಎತ್ತಿದಾಗ ಇವಳು ಮುಖ ತಿರುಗಿಸಿಕೊಂಡಳು.

"ನೋಡೇ ಇಲ್ಲಿ," ಎಂದಳು ಸೋಡಾಬುಡ್ಡಿ. "ಬದನೆಕಾಯಿ ಹಾಗಿದೆ."

ಅವಳು ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ಮುಚ್ಚುಮರೆಯೇನಿಲ್ಲ, ಹೋ ಎಂದು ಅತ್ತಳು. ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಗಿತ್ತು. ಸುದ್ದಿ ಕೇಳಿದ ಸಾಹೇಬರು "ನಾನು ಆಗಲೇ ಹೇಳಲಿಲ್ವಾ, ಇಲ್ಲದ ರಗಳೆ" ಎಂದರು, ಆದರೆ ಅವರೂ ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದ್ದು ಕಾಣಿಸಿತು. ಅವಳಿಗೆ ಕೋಪ ಬರಲಿಲ್ಲ. ನೀರು ಚೆನ್ನಾಗಿದೆ ಎಂದು ಶನಿವಾರ ಸಹಿ ಹಾಕಿದಾಗಲೂ ಅವಳು ಹೇಳಿದ್ದು ನಿಜವೇ. ಗೊತ್ತಿಲ್ಲದೆ ಹೇಳಿದ ನಿಜ ಅದು. ಇವತ್ತಿನದು ಗೊತ್ತಿದ್ದು ಹೇಳುವ ನಿಜ, ಇದರ ಮೇಲೆ ನೆಮ್ಮದಿಯಾಗಿ ನಿಲ್ಲಬಹುದು ಎನಿಸಿತು. ಹೊರಡುವಾಗ ಗೋಡೆಯ ಕೆಂಪು ಬೋರ್ಡಿನ ಕೆಳಗೆ ಪೆನ್ನಿನಲ್ಲಿ 'ಹಳಬರೂ' ಎಂದು ಸೇರಿಸಿದಳು.

ಸರ್ಕಲ್ಲಿನಲ್ಲಿ ಮೈಕು ಹಿಡಿದು ಸುದ್ದಿ ಹೇಳಿದಾಗ ಚಪ್ಪಾಳೆಯೇನೂ ಬೀಳಲಿಲ್ಲ. ಜನ ತಲೆಯಾಡಿಸಿ ಮನೆಗೆ ಹೋದರು. ಬೇಕರಿಯವನು ಮಾತ್ರ ಅಂಗಡಿಯಿಂದ ಇಳಿದುಬಂದು, "ನಾಳೆ ಇನ್ನೇನಾದ್ರೂ ತಪ್ಪಾದ್ರೂ ಹೀಗೇ ಬಂದು ಹೇಳ್ತೀರಿ ತಾನೇ?" ಎಂದ. "ಹೇಳ್ತೀನಿ" ಎಂದಳು. "ಹಾಗಾದ್ರೆ ಸರಿ" ಎಂದು ಒಂದು ಬ್ರೆಡ್ಡನ್ನು ನೀರಣ್ಣನ ಕೈಗಿಟ್ಟ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಮುಖ ಗಂಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ಮೈಕಿನ ಮಾತು ಇಲ್ಲಿಯವರೆಗೂ ಕೇಳಿಸಿರಬೇಕು, ಆದರೂ ಒಲೆ ಆರಿಸಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಗು ಬಾಯಂಚಿನಲ್ಲಿ ಹಾಲಿನ ಗುಳ್ಳೆ ಇಟ್ಟುಕೊಂಡು ಮಲಗಿತ್ತು. ಅದನ್ನು ನೋಡಿ ಬಂದು ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಅಕ್ಕ ಫ್ರಿಜ್ಜು ತೆಗೆದು ಒಂದು ಬಾಟ್ಲಿಯನ್ನು ಅವಳ ಮುಂದಿಟ್ಟಳು. ಮಗುವಿನ ಹಾಲಿನ ಬಾಟ್ಲಿ. ತುಂಬ ನೀರು. ಮೇಲೊಂದು ಚೀಟಿ ಅಂಟಿಸಿ ವಕ್ರವಕ್ರವಾಗಿ ಬರೆದಿತ್ತು: 'ಅಡುಗೆಮನೆ ನಲ್ಲಿ. ಮಧ್ಯಾಹ್ನ ಎರಡು.'

"ಏನಕ್ಕಾ ಇದು?"

"ಕಣ್ಣಿಲ್ವಾ? ಸ್ಯಾಂಪಲ್ಲು." ಅಕ್ಕನ ದನಿಯಲ್ಲಿ ಬಿಗುವಿತ್ತು. "ಬಾಟ್ಲಿ ಕುದಿಸಿ ಆರಿಸಿದೆ. ನಿನ್ನೆ ನೀನು ಮಾಡ್ತಿದ್ದ ಹಾಗೆ ನಲ್ಲಿಗೆ ಬೆಂಕಿ ತೋರಿಸಿದೆ."

ಅವಳು ಸಿಂಕಿನ ಕಡೆ ನೋಡಿದಳು. ಅದು ಪ್ಲಾಸ್ಟಿಕ್ ನಲ್ಲಿ. ಮೂತಿ ಕರಗಿ, ಒಂದು ಕಡೆಗೆ ವಾಲಿ, ಪಾರ್ಶ್ವವಾಯು ಬಡಿದ ಹಾಗೆ ನೇತಾಡುತ್ತಿತ್ತು. ನೀರು ಬಿಟ್ಟರೆ ಸಿಂಕಿಗೆ ಬೀಳದೆ ನೇರ ಗೋಡೆಗೆ ಹಾರುವ ಹಾಗಿತ್ತು. ಹಾಗಾದರೆ ನಿನ್ನೆ ಅಕ್ಕ ಮುಚ್ಚಿದ ಕಿಟಕಿಯ ಸಂದಿಯಲ್ಲಿ ಮೊದಲಿನಿಂದ ಕೊನೆಯವರೆಗೂ ನೋಡುತ್ತಲೇ ಇದ್ದಳು.

"ತೊಳೀಲಿಲ್ಲ ಕಣೇ," ಎಂದಳು ಅಕ್ಕ, ಈಗ ಮೆತ್ತಗೆ. "ಒಂದು ಸಲಾನೂ ತೊಳೀಲಿಲ್ಲ. ಬೀದೀಲೆಲ್ಲ ನಿನ್ನ ಬೈತಿದ್ರು. ನಾನೂ ಬೈದೆ. ಆಮೇಲೆ ಅನ್ನಿಸ್ತು, ನಾಲ್ಕು ಸಾಲದೇ ಹೋದ್ರೆ ಐದನೇದು ಇರಲಿ ಅಂತ."

ಬಾಟ್ಲಿಯ ತಳದಲ್ಲಿ ಪುಡಿ ಇಲ್ಲ, ಹಿಡಿದು ಎಷ್ಟೋ ಹೊತ್ತಾಗಿದೆ, ಲ್ಯಾಬಿನ ಯಾವ ನಿಯಮಕ್ಕೂ ಇದು ಕೂಡುವುದಿಲ್ಲ. ಹೊಸಬ ಯಾರಾದರೂ ಇಂಥದ್ದನ್ನು ತಂದಿದ್ದರೆ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದಳು. ಅವಳು ಚೀಟಿಯನ್ನು ಇನ್ನೊಮ್ಮೆ ಓದಿದಳು. ಮುಚ್ಚಳ ತಿರುಗಿಸಿ ತೆಗೆದು, ಬಾಟ್ಲಿ ಎತ್ತಿ, ಗಟಗಟ ಕುಡಿದುಬಿಟ್ಟಳು.

"ಅಯ್ಯೋ, ಟೆಸ್ಟ್ ಮಾಡು ಅಂತ ಕೊಟ್ರೆ ಕುಡಿದುಬಿಟ್ಟೆಯಲ್ಲೇ!"

"ಟೆಸ್ಟ್ ಆಯ್ತಕ್ಕಾ," ಎಂದಳು ಅವಳು, ಬಾಯಿ ಒರೆಸಿಕೊಳ್ಳುತ್ತಾ. "ಚೆನ್ನಾಗಿದೆ. ನಾನು ಸೈನ್ ಹಾಕ್ತೀನಿ. ಆದ್ರೂ ಮಗೂಗೆ ಮಾತ್ರ ಯಾವತ್ತೂ ಕುದಿಸಿಯೇ ಕೊಡು."

ಅಕ್ಕ ಅವಳನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಆಮೇಲೆ ಸೊಟ್ಟ ನಲ್ಲಿಯ ಕೆಳಗೆ ಲೋಟವನ್ನು ಓರೆಯಾಗಿ ಹಿಡಿದು ನೀರು ತುಂಬಿಕೊಂಡಳು, ಅರ್ಧ ಗೋಡೆಗೆ, ಅರ್ಧ ಲೋಟಕ್ಕೆ. ತಂಗಿಯ ಪಕ್ಕದಲ್ಲಿ ನಿಂತುಕೊಂಡೇ ಕುಡಿದಳು.